ಆರು ನಿಮಿಷ ಕಾದರೆ ಬರುವ ದನಿ

ಬೆಳಗಿನ ಐದೂವರೆ. ಅಜ್ಜಿಯ ಮನೆಯ ನಡುಕೋಣೆಯಲ್ಲಿ ಇನ್ನೂ ದೀಪ ಹಚ್ಚಿಲ್ಲ. ಮೂಲೆಯ ಮೇಜಿನ ಮೇಲೆ ಒಂದು ಹಳೆಯ ಟೀವಿ, ಅದರ ಮುಂದೆ ನಲವತ್ತು ವರ್ಷದ ಹಿಂದಿನ ಮನೆ ಕಂಪ್ಯೂಟರು. ಅದರ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಸಿಕ್ಕಿಸಿ, ಅದರೊಳಗೆ ಮೆಮೊರಿ ಕಾರ್ಡು ತೂರಿಸಿ, ಬೆಸುಗೆಯಕ್ಕ ಸ್ವಿಚ್ಚು ಒತ್ತುತ್ತಾರೆ. ಒಂದು, ಎರಡು ಎಂದು ಎಣಿಸುವಷ್ಟರಲ್ಲಿ ಯಂತ್ರ ಮಾತಾಡುತ್ತದೆ. ತಗಡಿನ ಮೇಲೆ ಮರಳು ಎಳೆದಂಥ ದನಿ: "ಎದ್ಯಾ? ಬೆಳಕಾಯ್ತು."

ಅಜ್ಜಿ ಹಿಂದೆ ಸರಿದು ಗೋಡೆಗೆ ಆತುಕೊಳ್ಳುತ್ತಾರೆ. "ಇದು ಅವರಲ್ಲ ಕಣಮ್ಮ. ಅವರು ಇಷ್ಟು ಬೇಗ ಬರೋದಿಲ್ಲ."

ಅವರು ಎಂದರೆ ಅಜ್ಜಿಯ ಗಂಡ. ತೀರಿಕೊಂಡು ಮೂರು ವರ್ಷವಾಯಿತು. ಗಂಟಲ ಕಾಯಿಲೆಯಿಂದ ಮಾತು ಹೋದ ಮೇಲೆ ಹನ್ನೊಂದು ವರ್ಷ ಇದೇ ಯಂತ್ರದಲ್ಲಿ ಟೈಪು ಮಾಡಿ ಮಾತಾಡಿದವರು. ಸ್ವಿಚ್ಚು ಆರಿಸಿದರೆ ಕಲಿತದ್ದೆಲ್ಲ ಮರೆಯುವ ಯಂತ್ರವದು. ದಿನಾ ಬೆಳಿಗ್ಗೆ ಕ್ಯಾಸೆಟ್ಟು ಹಾಕಿ ಮಾತು ಕಲಿಸಬೇಕು. ಕಲಿತ ಕೂಡಲೇ ಹೆಂಡತಿಯನ್ನು ಎಬ್ಬಿಸುವ ಆ ಎರಡು ಮಾತು ಬರುವಂತೆ ಅವರೇ ಬರೆದಿಟ್ಟಿದ್ದರು. ಈಗ ಕ್ಯಾಸೆಟ್ಟು ಹಾಕುವವರು ಅಜ್ಜಿ. ಹಾಕಿ, ಕಾದು, ಆ ದನಿಗೆ "ಎದ್ದೆ" ಅನ್ನುವವರೂ ಅಜ್ಜಿಯೇ. ಆ ಕ್ಯಾಸೆಟ್ಟಿನ ಟೇಪು ಹೋದ ತಿಂಗಳು ಎರಡು ಸಲ ಸಿಕ್ಕಿಕೊಂಡಿತು. ಹೆದರಿದ ಅಜ್ಜಿ ಎಲ್ಲವನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ಬೆಸುಗೆಯಕ್ಕನ ಬಳಿ ಬಂದರು.

ಬೆಸುಗೆಯಕ್ಕ ಇಪ್ಪತ್ತೆರಡು ವರ್ಷ ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವರು. ಕಾರ್ಖಾನೆ ಮುಚ್ಚಿತು, ಎಡಗಣ್ಣು ಮಂಜಾಯಿತು, ತೋರುಬೆರಳ ತುದಿ ಸುಟ್ಟು ಸುಟ್ಟು ಬಿಸಿಯೇ ತಿಳಿಯದಂತಾಯಿತು. ಈಗ ತಮ್ಮನ ಗಡಿಯಾರದ ಅಂಗಡಿಯ ಹಿಂಭಾಗದಲ್ಲಿ ಒಂದು ಸ್ಟೂಲು, ಒಂದು ದೀಪ. ತಲೆಯ ಮೇಲೆ ಮೂವತ್ತು ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು.

"ನಮ್ಮಕ್ಕ ಸತ್ತ ಮಿಷನ್ನುಗಳ ಡಾಕ್ಟರು," ಎಂದು ತಮ್ಮ ಹಂಗಿಸುತ್ತಾನೆ. "ರೋಗಿ ಒಬ್ಬನೂ ಸಾಯಲ್ಲ, ಎದ್ದು ಮನೆಗೂ ಹೋಗಲ್ಲ."

"ನಿನ್ನ ಗಡಿಯಾರಗಳು ಮೊದಲು ಒಂದು ಮಾತಿಗೆ ಬರ್ಲಿ, ಆಮೇಲೆ ನನ್ನ ಸುದ್ದಿಗೆ ಬಾ," ಎನ್ನುತ್ತಾರೆ ಅಕ್ಕ.

ಕ್ಯಾಸೆಟ್ಟಿನ ಬದಲು ಕಾರ್ಡಿನಿಂದ ಯಂತ್ರಕ್ಕೆ ಕಲಿಸುವ ಒಂದು ಡಬ್ಬಿಗೆ ನಲವತ್ತೆರಡು ಬೆಸುಗೆ. ದಿನಕ್ಕೆ ಒಂದು ಡಬ್ಬಿಯಾದರೆ ಹೆಚ್ಚು. ಕಷ್ಟ ಕಾರ್ಡಿನದು. ಇಂದಿನ ದೊಡ್ಡ ಕಾರ್ಡುಗಳು ಈ ಹಳೆಯ ಯಂತ್ರಗಳಿಗೆ ಅರ್ಥವಾಗುವುದಿಲ್ಲ. ಯಾರೋ ಬಿಸಾಡಿದ ಕ್ಯಾಮೆರಾಗಳ ಪುಟ್ಟ ಕಾರ್ಡುಗಳೇ ಬೇಕು. ಹತ್ತು ತಂದರೆ ಎರಡೋ ಮೂರೋ ಒಪ್ಪುತ್ತವೆ. ಅವುಗಳ ತುಂಬ ಗೊತ್ತಿಲ್ಲದವರ ಫೋಟೊ. ಅಳಿಸುವ ಮೊದಲು ಬೆಸುಗೆಯಕ್ಕ ಒಂದೊಂದನ್ನೂ ನೋಡುತ್ತಾರೆ. "ಯಾರೂ ನೋಡದೆ ಅಳಿಸಿದ್ರೆ ಪಾಪ ಅನ್ಸತ್ತೆ. ಒಂದ್ಸಲ ನೋಡಿ, ಕೈಮುಗಿದು, ಆಮೇಲೆ ಅಳಿಸ್ತೀನಿ." ಅಜ್ಜಿಗೆ ಒದಗಿದ ಕಾರ್ಡಿನಲ್ಲಿ ಇದ್ದದ್ದು ಒಂದೇ ಬಾಗಿಲಿನ ಮೂವತ್ತೆರಡು ಫೋಟೊ. ಮೊದಲನೆಯದರಲ್ಲಿ ಬಾಗಿಲು ಮುಚ್ಚಿದೆ. ಕೊನೆಯದರಲ್ಲಿ ನಾಲ್ಕು ಬೆರಳಷ್ಟು ತೆರೆದಿದೆ.

ಕ್ಯಾಸೆಟ್ಟಿನಲ್ಲಿದ್ದದ್ದು ಮೂರನೆಯ ಸಲಕ್ಕೆ ಪೂರ್ತಿ ಕಾರ್ಡಿಗೆ ಇಳಿಯಿತು. ಇಳಿದ ಮರುಗಳಿಗೆಯೇ ಟೇಪು ತುಂಡಾಯಿತು. ಇನ್ನು ಅಜ್ಜ ಇರುವುದು ಕಾರ್ಡಿನಲ್ಲೇ. ಅದು ಅವರಲ್ಲವೆಂದು ಅಜ್ಜಿ ಅಂದರೆ ಎಲ್ಲಿಯೂ ಇಲ್ಲ.

"ಏನು ತಪ್ಪಾಯ್ತು ಹೇಳಿ ಅಜ್ಜಿ," ಎಂದು ಆ ಬೆಳಿಗ್ಗೆ, ಗೋಡೆಗೆ ಆತು ನಿಂತ ಅಜ್ಜಿಯನ್ನು ಬೆಸುಗೆಯಕ್ಕ ಕೇಳುತ್ತಾರೆ.

"ಕ್ಯಾಸೆಟ್ಟು ಹಾಕಿದ್ರೆ ಆರು ನಿಮಿಷ ಕಿರ್ ಅಂತಿತ್ತು. ಹಾಸಿಗೆ ಸುತ್ತಿಡ್ತಿದ್ದೆ, ನೀರು ಕಾಯೋಕೆ ಇಡ್ತಿದ್ದೆ, ದೇವರಿಗೆ ಕೈಮುಗೀತಿದ್ದೆ. ಅಷ್ಟೊತ್ತಿಗೆ ಬರ್ತಿದ್ರು. ಈಗ ನೋಡು, ತಲೆ ಕೂಡ ಬಾಚಿಲ್ಲ ನಾನು!"

ಇಷ್ಟು ವರ್ಷ ಎಲ್ಲರೂ ಕೇಳಿದ್ದು ಬೇಗ ಆಗಲಿ ಎಂದು. ತಡ ಬೇಕೆಂದು ಕೇಳಿದವರು ಈ ಅಜ್ಜಿ ಒಬ್ಬರೇ. ಬೆಸುಗೆಯಕ್ಕ ನಾಲ್ಕು ದಿನ ಕೂತು, ಕಾರ್ಡಿನಲ್ಲಿ ಆರು ನಿಮಿಷದ ಕಾಯುವಿಕೆಯನ್ನೂ ಅಷ್ಟು ಹೊತ್ತಿನ ಕಿರ್ರೆನ್ನುವ ಸದ್ದನ್ನೂ ಸೇರಿಸುತ್ತಾರೆ. ಅಂಗಡಿಯಲ್ಲಿ ಏಳು ಸಲ ಅಳೆಯುತ್ತಾರೆ. ಏಳು ಸಲವೂ ಸರಿಯಾಗಿ ಆರು.

ಐದನೆಯ ಬೆಳಿಗ್ಗೆ ಮೈ ಕೊರೆಯುವ ಚಳಿ. ತಮ್ಮನೂ ಗಡಿಯಾರ ಹಿಡಿದು ಜೊತೆಗೆ ಬಂದಿದ್ದಾನೆ. ಸ್ವಿಚ್ಚು ಒತ್ತಿ ಎಲ್ಲರೂ ಕಾಯುತ್ತಾರೆ. ಅಜ್ಜಿ ಹಾಸಿಗೆ ಸುತ್ತಿಡುತ್ತಾರೆ, ನೀರಿಡುತ್ತಾರೆ, ಕೈಮುಗಿಯುತ್ತಾರೆ. ಆರು ನಿಮಿಷಕ್ಕೆ ಸದ್ದು ನಿಲ್ಲುತ್ತದೆ.

ದನಿ ಬರುವುದಿಲ್ಲ.

ಬೆಸುಗೆಯಕ್ಕ ಡಬ್ಬಿಯ ಕಡೆ ಕೈ ಚಾಚುತ್ತಾರೆ. ಅಜ್ಜಿ ಮಾತ್ರ ಸಮಾಧಾನವಾಗಿ ತಲೆ ಬಾಚುತ್ತಾ, "ಇರಮ್ಮ. ಚಳೀಲಿ ಅವರು ಸ್ವಲ್ಪ ತಡ. ಯಾವಾಗ್ಲೂ ಹಾಗೇ," ಎನ್ನುತ್ತಾರೆ.

ಮತ್ತೆ ಅರ್ಧ ನಿಮಿಷ. "ಎದ್ಯಾ? ಬೆಳಕಾಯ್ತು."

"ಎದ್ದೆ ಎದ್ದೆ. ಮನೇಲಿ ಜನ ಇದ್ದಾರೆ," ಎಂದು ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಾರೆ.

ಹೊರಗೆ ಬಂದ ಮೇಲೆ ತಮ್ಮ ದಾರಿಯಲ್ಲೇ ನಿಂತುಬಿಡುತ್ತಾನೆ. "ಅಕ್ಕ, ಚಳೀಲಿ ನಿಧಾನ ಆಗೋದು ಟೇಪು. ಕಾರ್ಡಿಗೆ ಚಳಿ ಹೇಗೆ ಗೊತ್ತಾಗತ್ತೆ? ತಿರುಗಿ ಹೋಗಿ ಬಿಚ್ಚಿ ನೋಡೋಣ."

ಬೆಸುಗೆಯಕ್ಕ ಶಾಲನ್ನು ತಲೆಯ ಮೇಲೆ ಎಳೆದುಕೊಂಡು ನಡೆಯುತ್ತಲೇ ಇರುತ್ತಾರೆ.

"ಬೇಡ ಬಿಡೋ. ನನ್ನ ಕೈಲಿ ಆಗಿದ್ದು ಆರು ನಿಮಿಷ. ಮಿಕ್ಕಿದ್ದು ಅವರಿಗೆ ಬಿಟ್ಟಿದ್ದು."