ಸೌದೆ ಕೋಣೆಯೊಳಗೆ ಬಂದ ಬಸ್ಸು

ನಾವು ಲಂಗ ಹಾಕಿ ಓಡಾಡುತ್ತಿದ್ದ ಆ ಕಾಲದಲ್ಲಿ ಸಂಪಾಜೆಗೆ ದಿಕ್ಕು ಎರಡೇ. ಮಡಿಕೇರಿ ಕಡೆಗೆ ಹೋಗುವುದೆಲ್ಲ 'ಮೇಲೆ', ಸುಳ್ಯ ಕಡೆಗೆ ಇಳಿಯುವುದೆಲ್ಲ 'ಕೆಳಗೆ'. ಪೂರ್ವ, ಪಶ್ಚಿಮ ಶಾಲೆಯ ನಕ್ಷೆಯಲ್ಲಿ ಮಾತ್ರ ಇದ್ದವು. ಈ 'ಮೇಲೆ' ಎಂಬ ಒಂದು ಶಬ್ದದಲ್ಲಿ ನನ್ನ ಅಕ್ಕನ ಓದು ಮುಗಿಯಿತು. ಮುಗಿಸಿದವಳು ನಾನು.

ಅಪ್ಪನ ಹೋಟೆಲು ರಸ್ತೆ ಬದಿಯಲ್ಲೇ ಇತ್ತು. ಘಟ್ಟ ಹತ್ತುವ ಬಸ್ಸುಗಳು ಅಲ್ಲಿ ನಿಂತು ಇಂಜಿನಿಗೆ ನೀರು ಹೊಯ್ದುಕೊಳ್ಳುತ್ತಿದ್ದವು. ಕಾದ ಕಬ್ಬಿಣದ ವಾಸನೆಯೂ ಬನ್ಸ್ ಕರಿಯುವ ಎಣ್ಣೆಯ ವಾಸನೆಯೂ ಸೇರಿ ಬರುತ್ತಿತ್ತು. ದೋಸೆಗೆ ರುಬ್ಬುವ ಕೆಲಸ ದೇವಕಿ ಅಕ್ಕನದು. ಅವಳಿಗೆ ಹದಿಮೂರು, ನನಗೆ ಒಂಬತ್ತು. ಅವಳು ಎಂಟನೇ ಕ್ಲಾಸು ಮುಗಿಸಿದ್ದಳು. ಇನ್ನು ಓದಬೇಕಾದರೆ ಸುಳ್ಯದಲ್ಲಿ ಅತ್ತೆಯ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗಬೇಕು. ಅಪ್ಪ ಹೂಂ ಅಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ನಾವಿಬ್ಬರೂ ಸೌದೆ ಕೋಣೆಯಲ್ಲಿ ಅಡಗಿದೆವು. ಕಿಟಕಿಯಿಲ್ಲದ ಕೋಣೆ. ಬಾಗಿಲ ಹಲಗೆಯ ಗಂಟೊಂದು ಉದುರಿ ಬೆರಳ ತುದಿ ಹೋಗುವಷ್ಟು ತೂತಾಗಿತ್ತು. ಯಾರೂ ಹುಡುಕಿಕೊಂಡು ಬರಲಿಲ್ಲ. ತುಂಬ ಹೊತ್ತು ಕೂತ ಮೇಲೆ ಎದುರಿನ ಸುಣ್ಣದ ಗೋಡೆಯಲ್ಲಿ ಏನೋ ಅಲುಗಿತು. ನೋಡಿದರೆ ರಸ್ತೆ! ಆಕಾಶ ಕೆಳಗೆ, ರಸ್ತೆ ಗೋಡೆಯ ಮೇಲ್ಗಡೆ, ಅದಕ್ಕೆ ಜೋತುಬಿದ್ದಂತೆ ಒಂದು ಬಸ್ಸು, ಚಕ್ರ ಮೇಲಾಗಿ.

"ಕುಲೆ! ಅಕ್ಕಾ, ಕುಲೆ!" ಎಂದು ನಾನು ಕಿರುಚಿದೆ. ಸತ್ತವರ ಪ್ರೇತಕ್ಕೆ ನಮ್ಮಲ್ಲಿ ಹಾಗೆ ಹೇಳುವುದು.

"ಕುಲೆ ಬಸ್ಸಿಗೆ ಟಿಕೆಟ್ ತೆಗೀತದಾ ಮಾರಾಯ್ತಿ?" ಎಂದು ಅಕ್ಕ ನಕ್ಕಳು.

ಆಮೇಲೆ ಅವಳಿಗೆ ಅದೇ ಮರುಳು. ತೂತಿಗೆ ಬೆರಳಿಟ್ಟಳು, ಚಿತ್ರ ಹೋಯಿತು. ತೂತಿನ ಹತ್ತಿರ ಕಾಗದ ಹಿಡಿದಳು, ಬಸ್ಸು ಪುಟ್ಟದಾಗಿ ಕಾಗದದ ಮೇಲೆ ಬಂತು. ನೆಲದಲ್ಲಿ ಇದ್ದಿಲಿನಿಂದ ಗೆರೆ ಎಳೆದು, ಬೆಳಕು ನೆಟ್ಟಗೆ ಹೋಗುವುದರಿಂದ ಮೇಲಿನದು ಕೆಳಗೂ ಎಡದ್ದು ಬಲಕ್ಕೂ ಬೀಳುತ್ತದೆ ಎಂದು ನನಗೆ ತೋರಿಸಿಕೊಟ್ಟಳು.

ಹೋಟೆಲಿನ ಬೆಂಚಿನಲ್ಲಿ ಇದೇ ಚರ್ಚೆಯಾಯಿತು. ಅಲ್ಲೇ ಕೂತು ಬಸ್ಸಿನ ಟಿಕೆಟು ಕೊಡುತ್ತಿದ್ದ ಬಾಬಣ್ಣ ಬಾಯಿಬಡುಕ.

"ತೂತಲ್ಲಿ ಮಗುಚುದಾದ್ರೆ ಕಿಟಕಿಯಲ್ಲಿ ಯಾಕೆ ಮಗುಚುದಿಲ್ಲ? ಈ ಹುಡುಗಿಗೆ ತಲೆಗೆ ಪಿತ್ತ ಏರಿದ್ದು."

ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಕಿಟಕಿ ದೊಡ್ಡದು ಬಾಬಣ್ಣ. ಅದರಲ್ಲಿ ನೂರು ಚಿತ್ರ ಒಂದರ ಮೇಲೊಂದು ಬೀಳ್ತದೆ. ಒಂದೂ ಸರಿ ಕಾಣುದಿಲ್ಲ."

ಅಪ್ಪ ಎದ್ದು ಸೌದೆ ಕೋಣೆಗೆ ಹೋದರು, ಬಿಸಿಲಿನಿಂದ ಹೋದವರು ಹಾಗೆಯೇ ವಾಪಸು ಬಂದರು. "ಕತ್ತಲೆ ಅಲ್ಲದೆ ಎಂತ ಉಂಟು ಅಲ್ಲಿ?"

"ಅಪ್ಪಾ, ಕಣ್ಣು ಕತ್ತಲೆಗೆ ಹೊಂದ್ಲಿಕ್ಕೆ ಸ್ವಲ್ಪ ಹೊತ್ತು ಕೂರಬೇಕು."

"ಅಷ್ಟು ಹೊತ್ತು ಗಿರಾಕಿಗಳಿಗೆ ಚಾ ನಿನ್ನ ಗೋಡೆ ಕೊಡ್ತದಾ?"

ಪರೀಕ್ಷೆಯ ಉಪಾಯ ಬಾಬಣ್ಣನದು. ಅವಳು ಒಳಗೆ ಕೂತು, ಬರುವ ಬಸ್ಸು ಮೇಲಿನದೋ ಕೆಳಗಿನದೋ ಹೇಳಲಿ. ಅಪ್ಪ ಒಪ್ಪಿದರು. "ಸರಿ ಹೇಳಿದ್ರೆ ಸುಳ್ಯಕ್ಕೆ ಹೋಗು. ತಪ್ಪಿದ್ರೆ ಈ ಹುಚ್ಚು ಬಿಟ್ಟು ರುಬ್ಬುವ ಕಲ್ಲಿನ ಎದುರು ಕೂತ್ಕೋ. ಸರಸು, ನೀನೂ ಒಳಗೆ ಹೋಗು, ಸಾಕ್ಷಿಗೆ."

ಕಾದೆವು. ಗೋಡೆಯಲ್ಲಿ ಬಸ್ಸು ಬಂತು. ಖುಷಿಯಲ್ಲಿ ಅಕ್ಕ ನನ್ನ ತೋಳು ಹಿಡಿದು ಕೂಗಿದಳು: "ಬಂತು ಸರಸು! ಮೇಲೆ! ಮೇಲೆ ನೋಡು!"

ಹೊರಗೆ ನಗೆಯ ಅಬ್ಬರ. ಬಂದದ್ದು ಸುಳ್ಯಕ್ಕೆ ಇಳಿಯುವ ಬಸ್ಸು.

ಅಕ್ಕ ಬಾಗಿಲು ತೆರೆದು ಹೊರಗೆ ಹಾರಿದಳು. "ಗೋಡೆಯಲ್ಲಿ ಮೇಲೆ ಉಂಟು ಅಂತ ಇವಳಿಗೆ ತೋರಿಸಿದ್ದು! ಬಸ್ಸು ಕೆಳಗಿನದ್ದೇ. ಹೇಳ್ಲಿಕ್ಕೆ ನೀವು ಬಿಡಲಿಲ್ಲ."

"ಬಸ್ಸನ್ನು ಕಣ್ಣಾರೆ ನೋಡಿದ ಮೇಲೆ ಯಾರು ಬೇಕಾದ್ರೂ ಹೇಳ್ತಾರೆ," ಎಂದ ಬಾಬಣ್ಣ.

"ಸರಸುವನ್ನು ಕೇಳಿ!"

ಅಪ್ಪ ನನ್ನ ಕಡೆ ತಿರುಗಿದರು. "ನಿನಗೆ ಕಂಡಿತಾ ಮಗಾ?"

ಚಕ್ರ, ಕಿಟಕಿ, ಬಸ್ಸಿನ ಮೇಲಿನ ಬುಟ್ಟಿಗಳು, ಎಲ್ಲವೂ ಕಂಡಿತ್ತು. ಆದರೆ ಅಕ್ಕ ಹೋದರೆ ರುಬ್ಬುವ ಕಲ್ಲು ನನ್ನ ಪಾಲಿಗೆ ಬರುತ್ತಿತ್ತು. ರುಬ್ಬಿ ರುಬ್ಬಿ ಗಟ್ಟಿಯಾದ ಅವಳ ಅಂಗೈಯ ದಡ್ಡು ನಾನು ಮುಟ್ಟಿ ನೋಡಿದ್ದೆ. ಅಕ್ಕನನ್ನು ಬಿಟ್ಟಿರಲಾರದೆ ಹೇಳಿದೆ ಎಂದು ಬರೆದರೆ ಓದುವವರಿಗೆ ಹಿತವಾದೀತು. ಅದು ಸುಳ್ಳು. ಕಲ್ಲಿಗೆ ಹೆದರಿ ಹೇಳಿದೆ.

"ನನಗೆ ಎಂತದೂ ಕಾಣಲಿಲ್ಲ ಅಪ್ಪಾ."

ಅಕ್ಕ ಅಳಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತ, "ಸುಳ್ಯಕ್ಕೆ ಕಳಿಸಬೇಡಿ. ಆದರೆ ನಾನು ಕಂಡದ್ದು ಕಂಡದ್ದೇ," ಎಂದಳು. ಮರುದಿನ ಅಪ್ಪ ತೂತಿಗೆ ತಗಡು ಹೊಡೆದರು. ಅಕ್ಕ ಕತ್ತಿಯ ಮೊನೆಯಿಂದ ಕಿತ್ತಳು. ಮತ್ತೆ ಹೊಡೆದರು, ಮತ್ತೆ ಕಿತ್ತಳು. ಮೂರನೇ ಸಲ ಬೆನ್ನಿಗೆ ಪೆಟ್ಟು ಬಿತ್ತು. ಆ ಪೆಟ್ಟು ತಿಂದೂ ಕಿತ್ತಳು. ಕೊನೆಗೆ ಅಪ್ಪನೇ ಸುಮ್ಮನಾದರು. ತೂತು ಉಳಿಯಿತು, ಹೈಸ್ಕೂಲು ಉಳಿಯಲಿಲ್ಲ. ಕೆಲವು ವರ್ಷದಲ್ಲಿ ಅವಳನ್ನು ಈಶ್ವರಮಂಗಲಕ್ಕೆ ಮದುವೆ ಮಾಡಿ ಕೊಟ್ಟರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಕಲ್ಲು ತಪ್ಪಲೇ ಇಲ್ಲ.

ಅಪ್ಪ ತೀರಿಹೋದ ಎಷ್ಟೋ ವರ್ಷದ ಮೇಲೆ ಅಕ್ಕನ ಮನೆಯ ಜಗಲಿಯಲ್ಲಿ ಕೂತು, ಅವತ್ತು ಗೋಡೆಯಲ್ಲಿ ನನಗೂ ಬಸ್ಸು ಕಂಡಿತ್ತು ಎಂದು ಅವಳಿಗೆ ಹೇಳಿದೆ. ಅವಳು ಬೀನ್ಸ್ ಮುರಿಯುವುದನ್ನು ನಿಲ್ಲಿಸಲಿಲ್ಲ.

"ನನಗೆ ಅವತ್ತೇ ಗೊತ್ತುಂಟು. ಗೋಡೆಯಲ್ಲಿ ಬಸ್ಸು ಹೋದ ಕಡೆಗೇ ನಿನ್ನ ಮುಖವೂ ತಿರುಗ್ತಾ ಇತ್ತು."

"ತಪ್ಪಾಯ್ತು ಅಕ್ಕ. ಮನ್ನಿಸ್ತೀಯಾ?"

"ಇಲ್ಲ," ಎಂದಳು. "ನೀನು ಹೇಳಬೇಕಾದ್ದು ಅಪ್ಪನ ಹತ್ತಿರ. ಊಟ ಮಾಡಿ ಹೋಗು."

ಸಣ್ಣವಳಲ್ಲವೇ, ಆ ಕಾಲವೇ ಹಾಗೆ ಎಂದು ನನ್ನ ಮಕ್ಕಳು ಸಮಾಧಾನ ಹೇಳುತ್ತಾರೆ. ನನಗೆ ಆ ಸಮಾಧಾನ ಬೇಡ. ಹೋಟೆಲು ಹೋಯಿತು, ರಸ್ತೆ ಅಗಲವಾಯಿತು. ಇವನ್ನೆಲ್ಲ ನಾನು ನಷ್ಟ ಎನ್ನುವುದಿಲ್ಲ. ಬೆಂಚು ತುಂಬ ಗಂಡಸರ ಎದುರು, ಹಿಟ್ಟು ಮೆತ್ತಿದ ಕೈಯಲ್ಲಿ ನಿಂತು ಉತ್ತರ ಕೊಟ್ಟ ಹುಡುಗಿಗೆ ಮುಂದಿನ ಪ್ರಶ್ನೆ ಸಿಗಲಿಲ್ಲವಲ್ಲ, ನಷ್ಟವೆಂದರೆ ಅದು. ಅವಳು ಮನ್ನಿಸದೇ ಇರಲಿ. ಅವಳು ಮನ್ನಿಸಿದರೂ ನಾನು ಒಪ್ಪುವವಳಲ್ಲ.