ತೂಗಿ ಎಣಿಸಿದವರು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿಕೊಂಡೇ ಬೆಳೆಯುತ್ತಿತ್ತು. ಧಾರವಾಡದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ಕಾಲದಲ್ಲಿ, ಬಿರಡೆಗೆ ತೂರಿಸುತ್ತಿದ್ದ ಗಾಜಿನ ನಳಿಗೆ ಮುರಿದು ಬೆರಳಿಗೆ ಹೊಕ್ಕಿತ್ತಂತೆ. ಹೆಂಗಸರು ಥಿಯರಿ ಮಾತ್ರ ತೆಗೆದುಕೊಂಡರೆ ಸಾಕು, ಪ್ರಾಕ್ಟಿಕಲ್ ಬೇಡ ಎಂದರು ಪ್ರಿನ್ಸಿಪಾಲರು. ಅತ್ತೆ ಮರುದಿನ ಬ್ಯಾಂಡೇಜು ಸುತ್ತಿಕೊಂಡು ನೇರ ಲ್ಯಾಬಿಗೇ ಹೋದರು. "ಬೆರಳು ನಂದು, ಅವರಿಗ್ಯಾಕ ನೋವು?" ಎಂದು ಆ ಕಥೆ ಮುಗಿಸುತ್ತಿದ್ದರು.

ಅವರು ಅಮೆರಿಕದಲ್ಲಿ ಪಾರ್ಸಿಪನಿಯ ನಮ್ಮ ಅಪಾರ್ಟ್‌ಮೆಂಟಿಗೆ ಕೆಲವು ತಿಂಗಳ ಮಟ್ಟಿಗೆ ಬಂದಾಗ ನನಗೆ ನಲವತ್ತು ದಾಟಿತ್ತು. ನರ್ಸ್ ಆಗಬೇಕೆಂಬ ಹಟದಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರಿದ್ದೆ. ನರ್ಸಿಂಗ್ ಸೀಟು ಬೇಕಾದರೆ ಮೊದಲು ಕೆಮಿಸ್ಟ್ರಿ ಪಾಸಾಗಬೇಕು. ನಾನೋ ಮೈಸೂರಿನ ಬಿ.ಎ.; ಮೊದಲ ಟೆಸ್ಟಿನಲ್ಲೇ ಮಣ್ಣು ಮುಕ್ಕಿದೆ. ಕೋರ್ಸ್ ಬಿಡುವುದು ಒಳ್ಳೆಯದು ಎಂದು ಕಾಲೇಜಿನ ಅಡ್ವೈಸರ್ ಇಮೇಲ್ ಕಳಿಸಿದರು. ನನ್ನ ಗಂಡನಿಗೂ ಅದೇ ಸರಿ ಎನ್ನಿಸಿತು.

"ಡ್ರಾಪ್ ಮಾಡ್ಲಿ ಬಿಡವ್ವಾ. ಈ ವಯಸ್ಸಿನಾಗ ಇಷ್ಟು ಸ್ಟ್ರೆಸ್ ಯಾಕ ಬೇಕು? ನಾ ದುಡೀತೀನಲ್ಲ," ಎಂದ, ಚಪಾತಿ ಮುರಿಯುತ್ತ.

"ನೀ ದುಡಿದ್ರ ಆಕಿ ನರ್ಸ್ ಆಗ್ತಾಳೇನು? ಸುಮ್ನ ಉಣ್ಣು," ಎಂದು ಅತ್ತೆ ನನ್ನ ಕಡೆ ಕೈ ಚಾಚಿದರು. "ಪೇಪರ್ ತಾ ಇಲ್ಲಿ."

ಪೇಪರ್ ನೋಡಿ ನಕ್ಕರು. ಮೆಗ್ನೀಸಿಯಂ ಉರಿಯುವ ಸಮೀಕರಣದಲ್ಲಿ ಎರಡು ಮೆಗ್ನೀಸಿಯಂಗೆ ಒಂದು ಆಕ್ಸಿಜನ್ ಎಂದಿತ್ತು. ಎರಡು ಗ್ರಾಂಗೆ ಒಂದು ಗ್ರಾಂ ಎಂದು ನಾನು ಬರೆದಿದ್ದೆ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು ಎಂದು ವರ್ಷಗಟ್ಟಲೆ ನೆನೆಹಾಕಿದ ಕೈ ಇನ್ನೇನು ಬರೆದೀತು?

"ಇದು ಇಡ್ಲಿ ಹಿಟ್ಟಲ್ಲವ್ವಾ. ಇಲ್ಲಿ ತಲಿ ಎಣಿಸ್ಬೇಕು, ತೂಕ ಅಲ್ಲ."

"ಮೋಲ್ ಅಂದ್ರೆ ಡಜನ್ ಇದ್ದ ಹಾಗೆ ಅಂತ ಕ್ಲಾಸಲ್ಲಿ ಹೇಳಿದ್ರು ಅತ್ತೆ. ಆರರ ಮುಂದೆ ಇಪ್ಪತ್ಮೂರು ಸೊನ್ನೆ."

"ಅಷ್ಟು ಯಾರು ಎಣಿಸ್ತಾರ? ಅದನ್ನ ಕೇಳಿದೇನು?"

ಕೇಳಿರಲಿಲ್ಲ. ಸೊನ್ನೆಗಳನ್ನು ಬಾಯಿಪಾಠ ಮಾಡಿದ್ದೆ, ಅಷ್ಟೆ.

ಅತ್ತೆ ಅಡುಗೆಮನೆಯ ತೂಕದ ಯಂತ್ರ ತರಿಸಿದರು. ಕಾಬೂಲಿ ಕಡಲೆ ನೂರು, ಹೆಸರುಕಾಳು ನೂರು ಎಣಿಸಿ ತೂಗಲು ಹೇಳಿದರು. ಕಡಲೆ ನಲವತ್ತು ಗ್ರಾಂ ಬಂತು, ಹೆಸರುಕಾಳು ನಾಲ್ಕು. ಆಮೇಲೆ ಪಾತ್ರೆಯೊಂದಕ್ಕೆ ನಾನೂರು ಗ್ರಾಂ ಕಡಲೆ ಸುರಿದರು. "ಇದರಾಗ ಎಷ್ಟು ಕಾಳು ಅವ, ಅಷ್ಟ ಹೆಸರುಕಾಳು ಕೊಡು. ಎಣಿಸಿದ್ರ ಕೈ ಮುರೀತೀನಿ."

ನಾನು ಪೆದ್ದಿಯಂತೆ ನಿಂತೆ. ಅವರೇನೂ ಸಹಾಯಕ್ಕೆ ಬರಲಿಲ್ಲ. ಚಹಾ ಕುಡಿಯುತ್ತ ಪಾರ್ಕಿಂಗ್ ಲಾಟಿನಲ್ಲಿ ಹಿಮ ಎತ್ತುವ ಗಾಡಿ ನೋಡುತ್ತ ಕೂತರು. ಬಹಳ ಹೊತ್ತಿನ ಮೇಲೆ, ನಾನೂರು ಗ್ರಾಂ ಕಡಲೆ ಎಂದರೆ ಸಾವಿರ ಕಾಳು ಎಂದು ಹೊಳೆದು, ನಲವತ್ತು ಗ್ರಾಂ ಹೆಸರುಕಾಳು ತೂಗಿ ಅವರ ಮುಂದಿಟ್ಟೆ.

"ಎಣಿಸಿದೇನು?"

"ಇಲ್ಲ, ತೂಗಿದೆ."

"ತೂಗೇ ಎಣಿಸಿದಿ. ಅಣು ಕಣ್ಣಿಗೆ ಕಾಣಂಗಿಲ್ಲ, ಅದಕ್ಕ ತೂಗೋದು. ಹನ್ನೆರಡು ಗ್ರಾಂ ಕಾರ್ಬನ್, ಇಪ್ಪತ್ನಾಕು ಗ್ರಾಂ ಮೆಗ್ನೀಸಿಯಂ. ತೂಕ ಬ್ಯಾರೆ, ತಲಿ ಎರಡರಾಗೂ ಅಷ್ಟ. ಇದ ಮೋಲ್."

ಕೋರ್ಸ್ ಬಿಡುವುದಿಲ್ಲ ಎಂದು ಅಡ್ವೈಸರ್‌ಗೆ ಅಂದೇ ಉತ್ತರ ಬರೆದೆ.

ಆಮೇಲೆ ನನಗೆ ಉಸಿರಾಡಲು ಬಿಡಲಿಲ್ಲ ಆ ಹೆಂಗಸು. ಲೆಕ್ಕ ಮುಗಿಸಿ "ಎರಡು ಮೋಲ್" ಎಂದರೆ "ಯಾವುದರದು?" ಎಂದು ಗದರುತ್ತಿದ್ದರು. "ಬರೇ ಡಜನ್ ಕೊಡು ಅಂದ್ರ ಅಂಗಡಿಯಾವ ಏನ್ ಕೊಡ್ಬೇಕು?" ಎಲ್ಲವೂ ಸರಿಯಾದ ದಿನವೂ ಶಾಭಾಸ್ ಎನ್ನುತ್ತಿರಲಿಲ್ಲ, ಮುಂದಿನ ಪುಟ ತಿರುಗಿಸುತ್ತಿದ್ದರು. ಒಮ್ಮೆ ಕನ್ನಡದವರ ಪಾಟ್‌ಲಕ್ ಊಟದಲ್ಲಿ ಗೆಳತಿಯೊಬ್ಬಳು ಛೇಡಿಸಿದಳು: "ಇವಳು ಓದಕ್ಕೆ ಕೂತ್ರೆ ಮನೇಲಿ ಅಡುಗೆ ಯಾರ್ ಮಾಡ್ತಾರೆ ಆಂಟಿ?"

"ನನ್ನ ಮಗನಿಗೆ ಎರಡು ಕೈ ಅವ," ಎಂದರು ಅತ್ತೆ. ಮಗ ಮರುದಿನದಿಂದ ಸಾರು ಮಾಡಲು ಕಲಿತ. ಉಪ್ಪು ಇಂದಿಗೂ ಹೆಚ್ಚೇ.

ಫೈನಲ್ ಪರೀಕ್ಷೆಗೆ ಮೊದಲೇ ಅವರು ಊರಿಗೆ ಮರಳಬೇಕಾಯಿತು. ಏರ್‌ಪೋರ್ಟಿನಲ್ಲಿ ನನ್ನ ಭುಜ ಹಿಡಿದು, "ಏನರ ಆಗ್ಲಿ, ಪರೀಕ್ಷಾ ಬಿಡಬ್ಯಾಡ," ಎಂದಷ್ಟೇ ಹೇಳಿದರು. ಪರೀಕ್ಷೆಗೆ ಎರಡು ದಿನವಿದ್ದಾಗ ಧಾರವಾಡದಿಂದ ಫೋನ್ ಬಂತು. ಹೃದಯಾಘಾತ. ಅತ್ತೆ ಇರಲಿಲ್ಲ.

ಗಂಡ ಲ್ಯಾಪ್‌ಟಾಪಿನಲ್ಲಿ ಟಿಕೆಟ್ ಹುಡುಕುತ್ತಿದ್ದ. ನನಗೂ ಒಂದು ಮಾಡು ಎಂದೆ, ಬಿಕ್ಕುತ್ತ. ಕೋರ್ಸ್ ಬಿಡಲಿ ಎಂದಿದ್ದ ಮನುಷ್ಯ ಕಣ್ಣೊರೆಸಿಕೊಂಡು ತಲೆಯಾಡಿಸಿದ. "ನೀ ಬರಬ್ಯಾಡ. ನಿನ್ನ ಕರ್ಕೊಂಡು ಹೋದ್ರ ಅವ್ವ ಚಿತೀ ಮ್ಯಾಲಿಂದ ಎದ್ದು ನನಗ ಬೈತಾಳ."

ಬೇರೆ ದಿನ ಪರೀಕ್ಷೆ ಬರೆಯಲು ಕಾಲೇಜನ್ನು ಕೇಳಬಹುದಿತ್ತು. ಕೊಡುತ್ತಿದ್ದರೇನೋ. ನಾನು ಕೇಳಲಿಲ್ಲ. ಊದಿದ ಕಣ್ಣಲ್ಲೇ ಹೋಗಿ ಬರೆದೆ, ಪಾಸಾದೆ. ಈಗ ಇಲ್ಲಿಯದೇ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಆಕೆಯಿಲ್ಲದಿದ್ದರೆ ಆಗುತ್ತಿರಲಿಲ್ಲ, ಇದರಲ್ಲಿ ಎರಡು ಮಾತಿಲ್ಲ.

ಸೊಸೆ ಬರಲಿಲ್ಲ ಎಂದು ಗಂಡನ ಮನೆಯವರು ಆಡಿಕೊಂಡರು. ವರ್ಷದ ಶ್ರಾದ್ಧದ ಹೊತ್ತಿಗೆ ಅತ್ತೆಯ ತಂಗಿ ಫೋನಿನಲ್ಲಿ ನೇರವಾಗಿಯೇ ಕೇಳಿದರು: "ಕೊನೀಗೆ ಮುಖ ನೋಡ್ಲಿಕ್ಕೂ ಬರ್ಲಿಲ್ಲ ನೀನು. ಅತ್ತಿಗಿಂತ ಪರೀಕ್ಷಾ ಹೆಚ್ಚಾತೇನು?"

"ಹೌದು ಚಿಕ್ಕಮ್ಮ," ಎಂದೆ. "ನಮ್ಮಿಬ್ಬರಿಗೂ ಅದೇ ಹೆಚ್ಚಾಗಿತ್ತು."

ಅವರು ಫೋನ್ ಇಟ್ಟುಬಿಟ್ಟರು. ಇಡಲಿ.