ಗೇಟಿನ ತನಕ ಇತ್ತು ಎಂದೆ

ಟಿಕೋಟಾ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದೆ. ವಿಜಯಪುರದ ಸಿದ್ಧೇಶ್ವರ ಗುಡಿ ಹತ್ತಿರ ಚೆನ್ನಾಗಿ ನಡೆಯುತ್ತಿದ್ದ ಸ್ವಂತ ದವಾಖಾನೆ ಮುಚ್ಚಿ ಅಲ್ಲಿಗೆ ಬಂದವರು ನಮ್ಮ ಡಾಕ್ಟರ್ ಸಾಹೇಬರು. ಉಳ್ಳವರಿಗೊಂದು, ಬಡವರಿಗೊಂದು ಆಸ್ಪತ್ರೆ ಇರಬಾರದು ಎನ್ನುತ್ತಿದ್ದರು. ಸ್ವಂತ ಮಗಳ ಹೆರಿಗೆಯನ್ನೂ ನಮ್ಮಲ್ಲೇ ಮಾಡಿಸಿದರು.

ಒಂದು ಮಧ್ಯಾಹ್ನ ಕಳ್ಳಕವಟಗಿಯ ಸೊಸೆಯೊಬ್ಬಳಿಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಕೊಡಲು ನಮ್ಮಲ್ಲಿ ರಕ್ತವಿರಲಿಲ್ಲ. ಜೀಪಿನಲ್ಲಿ ವಿಜಯಪುರಕ್ಕೆ ಹೊರಟೆವು. ಸಾಹೇಬರು ಡ್ರೈವರ್ ಪಕ್ಕ. ಹಿಂದೆ ನನ್ನ ತೊಡೆಯ ಮೇಲೆ ಅವಳ ತಲೆ, ಎದುರಿಗೆ ಸಲೈನ್ ಬಾಟಲಿ ಎತ್ತಿ ಹಿಡಿದ ಅತ್ತೆ.

"ಇನ್ನೆಷ್ಟ ದೂರ ಐತ್ರಿ?" ಎಂದು ಆ ಬಾಣಂತಿ ಕೇಳಿದಳು.

"ಬಂತ ನೋಡವ್ವಾ, ಊರು ಕಾಣಾಕತ್ತೈತಿ," ಎಂದರು ಸಾಹೇಬರು. ಊರು ಕಾಣುತ್ತಿರಲಿಲ್ಲ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಬೆರಳಡಿಯ ನಾಡಿ ನಿಂತಿತು. ನಾನು ಬಾಯಿ ಬಿಡಲಿಲ್ಲ. ಯಾಕೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಸಾಹೇಬರು ಹೊರಳಿ ಹೊರಳಿ ಅವಳೊಂದಿಗೆ ಮಾತಾಡುತ್ತಲೇ ಇದ್ದರು: ಕೂಸು ಹೆಣ್ಣು, ಮೂಗು ನಿನ್ನ ಹಾಗೇ ಇದೆ ಎಂದು. ಅಷ್ಟು ದಾರಿ, ಸತ್ತವಳ ಜೊತೆ.

ಆಮೇಲೆ ವಿಜಯಪುರದ ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಸಾಹೇಬರು ಕೇಳಿದರು, "ಜೀವ ಎಲ್ಲೀ ತನಕಾ ಇತ್ತು, ಸಿಸ್ಟರ್?"

"ಗೇಟಿನ ತನಕಾ ಇತ್ರಿ."

ಆ ಸುಳ್ಳು ಅವರನ್ನು ಬಿಡಲೇ ಇಲ್ಲ. ನಾಲ್ಕು ನಿಮಿಷ ಮೊದಲು ಆಸ್ಪತ್ರೆ ಮುಟ್ಟಿದ್ದರೆ ಉಳಿಯುತ್ತಿದ್ದಳು ಎಂದು ಅವರು ನಂಬಿಬಿಟ್ಟರು. ರಕ್ತ ಇಡುವ ಫ್ರಿಜ್ ನಮ್ಮಲ್ಲೇ ಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದರು. ಬಬಲೇಶ್ವರದಲ್ಲಿ ಜನರನ್ನು ಕೂಡಿಸಿ ರಕ್ತ ಕೊಡಲು ಒಪ್ಪಿಸಿದರು. ಕೊನೆಗೆ ಫ್ರಿಜ್ ಬಂತು. ಎಷ್ಟೋ ತಾಯಂದಿರು ಕೂಸು ಎತ್ತಿಕೊಂಡು ನಡೆದು ಮನೆಗೆ ಹೋದರು. ಅವರನ್ನು ಕಳಿಸಿ ಬಂದಾಗಲೆಲ್ಲ ಸಾಹೇಬರು, ಆಕೆ ಗೇಟಿನ ತನಕ ಬಂದಿದ್ದಳು ಎನ್ನುತ್ತಿದ್ದರು.

ಕೊನೆಗಾಲದಲ್ಲಿ ಹಟ ಹಿಡಿದು ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲೇ ಮಲಗಿದರು. ನಿಜ ಹೇಳಲೆಂದೇ ಹೋದೆ. ಅವರು ಹಿಂದಿನ ವಾರದ ಬಾಣಂತಿಯೊಬ್ಬಳ ಬಗ್ಗೆ ವಿಚಾರಿಸಿದರು. ಉಳಿದಿದ್ದಾಳೆ ಎಂದೆ. ಅವರ ಮುಖ ಅರಳಿತು. ಹೇಳಲು ಆಗಲಿಲ್ಲ. ಎರಡು ದಿನಕ್ಕೆ ತೀರಿಕೊಂಡರು.

ನಾನೀಗ ನಿವೃತ್ತಳಾಗಿ ಇಬ್ರಾಹಿಂಪುರದಲ್ಲಿದ್ದೇನೆ. ಹೋದ ತಿಂಗಳು ತಡೆಯಲಾಗದೆ ಅವರ ಹೆಂಡತಿಯ ಎದುರು ಎಲ್ಲ ಹೇಳಿದೆ. ಆಕೆ ಸೆರಗಿನ ಅಂಚು ನೀವಿದರು.

"ಆ ಗೇಟಿನ ಸಲುವಾಗಿ ಅವರು ನಿದ್ದಿ ಬಿಟ್ಟಿದ್ರು, ಸಿಸ್ಟರ್," ಎಂದರು. ಮತ್ತೆ, "ಇದನ್ನ ಇನ್ಯಾರ ಮುಂದೂ ಹೇಳಬ್ಯಾಡ್ರಿ. ಚಾ ಆರಾಕತ್ತೈತಿ, ಕುಡೀರಿ."

ಕುಡಿದು ಎದ್ದೆ. ಆಮೇಲೆ ಆ ಮನೆಗೆ ಹೋಗಿಲ್ಲ.